ವೇಳಾಪಟ್ಟಿ ಇಲ್ಲದ ಊರು

ಬೆಂಗಳೂರಿನಲ್ಲಿ ಲೇಔಟ್ ಎಂದರೆ ಸೈಟು, ಅಡ್ಡರಸ್ತೆ ಮತ್ತು ಇಪ್ಪತ್ತು ವರ್ಷದ ಸಾಲ. ಮಾಡೆಲ್ ರೈಲಿನ ಹವ್ಯಾಸಿಗಳು ಅದೇ ಪದವನ್ನು ಬೇರೆ ಅರ್ಥದಲ್ಲಿ ಬಳಸುತ್ತಾರೆ. ಅವರ ಲೇಔಟ್ ಎಂದರೆ ಕೋಣೆಯಲ್ಲೋ ಗ್ಯಾರೇಜಿನಲ್ಲೋ ಹಲಗೆ ಹಾಸಿ, ಅದರ ಮೇಲೆ ಹಳಿ, ನಿಲ್ದಾಣ, ಗುಡ್ಡ, ಊರುಗಳನ್ನು ಅಳತೆಗೆ ತಕ್ಕಂತೆ ಕಿರಿದು ಮಾಡಿ ಕಟ್ಟಿದ ಜಗತ್ತು. ಮಕ್ಕಳ ಆಟಿಕೆಯಿಂದ ಹುಟ್ಟಿದರೂ ಈ ಹವ್ಯಾಸ ಬಹಳ ಹಿಂದೆಯೇ ದೊಡ್ಡವರ ಪಾಲಾಯಿತು. ಅಮೆರಿಕದ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಶುರುವಾದದ್ದೇ 1934ರಲ್ಲಿ. ಅಲ್ಲಿಂದೀಚೆಗೆ ಈ ಹವ್ಯಾಸದೊಳಗೆ ಪಂಥಗಳು ಬೆಳೆದಿವೆ, ಗುರುಗಳಿದ್ದಾರೆ, ಬಗೆಹರಿಯದ ಜಗಳಗಳಿವೆ. ಇಷ್ಟೆಲ್ಲ ಇರುವ ಕಡೆ ವಿಮರ್ಶೆಗೂ ಒಂದು ಮಣೆ ಹಾಕಬಹುದು.

ಆ ಜಗಳಗಳಲ್ಲಿ ಹಳೆಯದೊಂದನ್ನು ಇಲ್ಲಿ ಎತ್ತಿಕೊಳ್ಳುತ್ತಿದ್ದೇನೆ. ಲೇಔಟ್ ಇರುವುದು ನೋಡುವುದಕ್ಕೋ, ನಡೆಸುವುದಕ್ಕೋ? ಒಂದು ಪಂಥದವರಿಗೆ ದೃಶ್ಯವೇ ಮುಖ್ಯ; ರೈಲು ಅದರೊಳಗಿನ ಒಂದು ಅಲಂಕಾರ. ಇನ್ನೊಂದು ಪಂಥದವರಿಗೆ ರೈಲು ಮಾಡುವ ಕೆಲಸ ಮುಖ್ಯ. ಗುಡ್ಡ, ಮರ, ಮನೆಗಳೆಲ್ಲ ಆ ಕೆಲಸಕ್ಕೆ ಕಾರಣ ಒದಗಿಸಲು ಇರುವಂಥವು. ನಾನು ಎರಡನೆಯವರ ಕಡೆ. ಊರು ಬಿಟ್ಟು ಬಂದು ಊರಿನ ಬಗ್ಗೆ ಬರೆಯುವ ನಮ್ಮಂಥವರಿಗೂ ಈ ಜಗಳದಲ್ಲಿ ಪಾಲಿದೆ ಎಂದು ನನಗೆ ಅನ್ನಿಸಿದೆ.

ಮೊದಲು ಸ್ವಲ್ಪ ಲೆಕ್ಕ. ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆಯ ಹೆಸರು ಎಚ್‌ಒ. ಅದರಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಒಂದು ಕಿಲೋಮೀಟರ್ ಹನ್ನೊಂದೂವರೆ ಮೀಟರ್ ಆಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರ್ ಎಂದು ಹಿಡಿದರೂ 230 ಮೀಟರ್ ಉದ್ದದ ಕೋಣೆ ಬೇಕು. ಯಾವ ಶ್ರೀಮಂತನಿಗೂ ಅಂಥ ಕೋಣೆ ಇರುವುದಿಲ್ಲ. ಹಾಗಾಗಿ ಎಲ್ಲ ಲೇಔಟೂ ಕತ್ತರಿಯಿಂದಲೇ ಶುರು. ಹನ್ನೆರಡು ಕಿಟಕಿಯ ಗೋದಾಮಿಗೆ ಐದು ಕಿಟಕಿ ಸಾಕು, ಹದಿನೆಂಟು ಬೋಗಿಯ ರೈಲಿಗೆ ಆರು ಬೋಗಿ ಸಾಕು, ಎರಡು ನಿಲ್ದಾಣಗಳ ನಡುವಿನ ಹೊಲಗಳೆಲ್ಲ ಒಂದು ತಿರುವಿನಲ್ಲಿ ಮುಗಿಯಬೇಕು. ಹವ್ಯಾಸಿಗಳು ಇದನ್ನು ‘ಸೆಲೆಕ್ಟಿವ್ ಕಂಪ್ರೆಶನ್’ ಎನ್ನುತ್ತಾರೆ, ಅಂದರೆ ಆಯ್ದು ಕುಗ್ಗಿಸುವುದು. ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂಬುದರಲ್ಲೇ ಕಟ್ಟಿದವರ ಮನಸ್ಸು ಕಾಣುತ್ತದೆ. ಕಥೆಗಾರನನ್ನು ಅಳೆಯುವ ಕೋಲಿನಿಂದಲೇ ಇವರನ್ನೂ ಅಳೆಯಬಹುದು.

ನೋಡುವ ಪಂಥದ ಶಿಖರ ಯಾವುದು ಎಂದರೆ ನಾನು ಪೆಂಡನ್ ಎನ್ನುತ್ತೇನೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಲಾಂಗ್ ವಿಟ್ಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿರುವ ಮ್ಯೂಸಿಯಂ ಅದು. ಅದನ್ನು ಶುರುಮಾಡಿದವರು ರಾಯ್ ಇಂಗ್ಲೆಂಡ್. ಹೆಸರಿನಲ್ಲೇ ಇಂಗ್ಲೆಂಡ್ ಇದ್ದರೂ ಅವರು ಬಂದದ್ದು ಆಸ್ಟ್ರೇಲಿಯಾದಿಂದ, 1925ರಲ್ಲಿ, ಹರೆಯದ ಹುಡುಗನಾಗಿ. ಸ್ವಿಂಡನ್ ಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ನೆಲೆಸಿದ ಅವರಿಗೆ ಅಲ್ಲಿಯವರು ದಿನವೂ ನೋಡಿ ಮರೆತಿದ್ದ ಹುಲ್ಲು ಹೊದಿಸಿದ ಮನೆಗಳು ಕಣ್ಣಿಗೆ ಬಿದ್ದವು. ಆ ಮನೆಗಳು ಒಂದೊಂದಾಗಿ ಹೋಗುತ್ತಿರುವುದೂ ಕಂಡಿತು. ಎಲ್ಲ ಹೋಗುವ ಮೊದಲು ‘ವೇಲ್ ಆಫ್ ವೈಟ್ ಹಾರ್ಸ್’ ಕಣಿವೆಯ ಬದುಕನ್ನು 1ಕ್ಕೆ 76ರ ಅಳತೆಯಲ್ಲಿ ಕಟ್ಟಿಡಬೇಕೆಂದು ಹೊರಟರು. 1954ರಲ್ಲಿ ಮ್ಯೂಸಿಯಂ ನೆಲೆಗೊಂಡಿತು. 1995ರಲ್ಲಿ ಅವರು ತೀರಿಕೊಂಡ ಮೇಲೂ ಸ್ವಯಂಸೇವಕರು ಕೆಲಸ ಮುಂದುವರಿಸಿದ್ದಾರೆ. ಮನೆಗಳ ಗೋಡೆ ರಟ್ಟಿನದು. ಹುಲ್ಲಿನ ಮಾಡಿಗೆ ನಲ್ಲಿ ಕೆಲಸದವರು ಬಳಸುವ ಸೆಣಬಿನ ನಾರು. ನಿಜವಾದ ಮನೆಗಳನ್ನು ಅಳೆದು, ಫೋಟೋ ತೆಗೆದು, ಇಟ್ಟಿಗೆಯ ಬಣ್ಣ ಗುರುತು ಮಾಡಿಕೊಂಡು, ಒಂದೊಂದು ಮನೆಗೆ ತಿಂಗಳುಗಟ್ಟಲೆ ಕೂತು ಮಾಡಿದ್ದು. ಹಿತ್ತಲಿನ ತರಕಾರಿ ಮಡಿಯನ್ನೂ ಬಿಟ್ಟಿಲ್ಲ.

ಹೊರಗಿನಿಂದ ಬಂದವನ ಕಣ್ಣು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಪೆಂಡನ್‌ಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಆದರೂ ಅದರ ಜೊತೆ ನನಗೊಂದು ತಕರಾರಿದೆ. ಹುಲ್ಲಿನ ಮಾಡು ತೆಗೆಸಿ ಕಲ್ನಾರಿನ ಹಾಳೆ ಹಾಕಿಸಿದರೆ ದಾರಿಹೋಕನ ಎದೆಗೆ ಚುಚ್ಚುತ್ತದೆ, ನಿಜ. ಒಳಗೆ ಮಲಗುವವನಿಗೆ ಅದು ಸೋರದ ಮಾಡು. 1930ರ ದಶಕ ಇಂಗ್ಲೆಂಡಿನ ರೈತರಿಗೆ ಒಳ್ಳೆಯ ಕಾಲವಾಗಿರಲಿಲ್ಲ. ಇತ್ತ ಸ್ವಿಂಡನ್‌ನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ದೊಡ್ಡ ಕಾರ್ಖಾನೆ ಇತ್ತು, ಸಾವಿರಾರು ಜನರಿಗೆ ಕೂಲಿ ಇತ್ತು. ಸುತ್ತಲಿನ ಹಳ್ಳಿಯ ಹುಡುಗನೊಬ್ಬ ಆ ಕಡೆ ಕತ್ತೆತ್ತಿ ನೋಡದೆ ಇರುತ್ತಿದ್ದನೇ? ಪೆಂಡನ್ನಿನ ಹಳ್ಳಿಯನ್ನು ನೋಡಿದರೆ ಅಲ್ಲಿಂದ ಯಾರಾದರೂ ಹೊರಡಬೇಕಾದ ಕಾರಣ ಕಾಣುವುದಿಲ್ಲ. ರೈಲು ಬರುತ್ತದೆ, ಹೋಗುತ್ತದೆ. ಅದರಲ್ಲಿ ಈ ಹಳ್ಳಿಯವರು ಯಾರಿದ್ದಾರೆ ಎಂಬ ಪ್ರಶ್ನೆಯೇ ಹುಟ್ಟದಷ್ಟು ಚೆಲುವು ಅಲ್ಲಿ ತುಂಬಿದೆ. ಊರು ಹಾಳಾಗುವ ಮುಂಚಿನ ಒಂದು ಗಳಿಗೆಯನ್ನು ಹಿಡಿದು ನಿಲ್ಲಿಸಿದ್ದಾರೆ. ನಿಂತ ಗಳಿಗೆಗೆ ವೇಳಾಪಟ್ಟಿ ಬೇಕಾಗುವುದಿಲ್ಲ.

ಇದಕ್ಕೆ ಎದುರಾಗಿ ಇಡಬೇಕಾದ ಹೆಸರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಅಲೆನ್ ಅವರದು. ಅವರ ಲೇಔಟಿನ ಹೆಸರು ‘ಗೋರ್ ಅಂಡ್ ಡಫೀಟೆಡ್’. ಬಾಯಿಬಿಟ್ಟು ಹೇಳಿದರೆ ರಕ್ತಸಿಕ್ತ ಮತ್ತು ಪರಾಭವ ಎಂಬರ್ಥದ ಇಂಗ್ಲಿಷ್ ಮಾತಿನಂತೆ ಕೇಳಿಸುವ ಕೀಟಲೆಯ ಹೆಸರು. ಪೆಂಡನ್‌ನಲ್ಲಿ ಇಟ್ಟಿಗೆಗೂ ಲೆಕ್ಕವಿದ್ದರೆ ಇಲ್ಲಿ ಎಲ್ಲವೂ ಕಲ್ಪನೆ. ನೆಲದಿಂದ ಸೂರಿನವರೆಗೆ ಎದ್ದ ಬೆಟ್ಟ, ಕಂದರಕ್ಕೆ ಅಡ್ಡಲಾಗಿ ಸೇತುವೆಗಳು, ಒಂದು ಕಡೆ ಎಂಜಿನ್ನಿನ ಬದಲು ವ್ಯಾಗನ್ ಎಳೆಯುವ ಡೈನೋಸಾರ್ ಕೂಡ. ಆದರೆ ಆ ಕಲ್ಪನೆಯ ಊರಿನಲ್ಲಿ ಕೊಳೆ ಇತ್ತು. ಉಳಿದವರ ಎಂಜಿನ್ನುಗಳು ಅಂಗಡಿಯಿಂದ ಬಂದ ಹೊಳಪಿನಲ್ಲೇ ಓಡುತ್ತಿದ್ದ ಕಾಲದಲ್ಲಿ ಅಲೆನ್ ತಮ್ಮ ಎಂಜಿನ್ನಿಗೆ ಮಸಿ ಬಳಿದರು, ವ್ಯಾಗನ್ನಿಗೆ ತುಕ್ಕು ಹಚ್ಚಿದರು, ಗೋಡೆಯ ಹಲಗೆಗಳನ್ನು ಬಿಸಿಲಿಗೆ ಬಿರಿದಂತೆ ಮಾಡಿದರು. ದುಡಿದ ವಸ್ತುವಿನ ಮೇಲೆ ದುಡಿತದ ಗುರುತು ಇರಬೇಕು ಎಂಬ ಸರಳ ವಿವೇಕ ಅದು. ಇಂದು ಹವ್ಯಾಸಿಗಳೆಲ್ಲ ‘ವೆದರಿಂಗ್’ ಎಂದು ಮಾಡುವ ಕೆಲಸವನ್ನು ಮನಸ್ಸಿಗೆ ತಟ್ಟುವಂತೆ ಮಾಡಿ ತೋರಿಸಿದವರು ಅವರು.

ಅವರ ಬೆಟ್ಟಗಳ ಫೋಟೋ ನೋಡಿದವರು ಅವರನ್ನು ದೃಶ್ಯದ ಪಂಥಕ್ಕೆ ಸೇರಿಸಿಬಿಡುತ್ತಾರೆ. ಆದರೆ ಅಲೆನ್ ಗೆಳೆಯರನ್ನು ಕೂಡಿಸಿಕೊಂಡು ವೇಳೆಗೆ ಸರಿಯಾಗಿ ರೈಲು ನಡೆಸುತ್ತಿದ್ದವರು. ಶಂಟಿಂಗ್ ಮಾಡುವುದನ್ನೇ ಒಗಟಾಗಿಸಿ ‘ಟೈಮ್‌ಸೇವರ್’ ಎಂಬ ಪುಟ್ಟ ಹಲಗೆಯಾಟ ಮಾಡಿದವರೂ ಅವರೇ. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಹತ್ತು ದಿನಕ್ಕೆ ಮನೆಗೆ ಬೆಂಕಿ ಬಿದ್ದು ಇಡೀ ಲೇಔಟ್ ಸುಟ್ಟುಹೋಯಿತು. ಅವರು ವೃತ್ತಿಯಿಂದ ಫೋಟೋಗ್ರಾಫರ್ ಆದ್ದರಿಂದ ಚಿತ್ರಗಳು ಉಳಿದವು. ಬೆಟ್ಟ ಹೇಗಿತ್ತು ಎಂದು ಇವತ್ತಿಗೂ ನೋಡಬಹುದು. ಅಲ್ಲಿ ಸೇರಿದವರು ಒಂದು ಸಂಜೆ ರೈಲು ನಡೆಸಿದ್ದು ಹೇಗಿತ್ತು ಎಂಬುದು ಚಿತ್ರಕ್ಕೆ ಸಿಗುವಂಥದ್ದಲ್ಲ.

ಆ ಸಂಜೆಗಳಲ್ಲಿ ನಡೆಯುವುದಾದರೂ ಏನು? ಐದಾರು ಜನ ಸೇರುತ್ತಾರೆ. ಗೋಡೆಯ ಮೇಲೊಂದು ವೇಗದ ಗಡಿಯಾರ ಇರುತ್ತದೆ. ನಮ್ಮ ಹತ್ತು ನಿಮಿಷ ಅದರಲ್ಲಿ ಒಂದು ಗಂಟೆ. ಒಬ್ಬರು ಡಿಸ್‌ಪ್ಯಾಚರ್. ಯಾವ ಗಾಡಿ ಯಾವಾಗ ಮುಖ್ಯ ಹಳಿಗೆ ಬರಬೇಕು ಎನ್ನುವ ಅಧಿಕಾರ ಅವರದು. ಉಳಿದವರಿಗೆ ಒಂದೊಂದು ಗಾಡಿ. ಪ್ರತಿಯೊಂದು ವ್ಯಾಗನ್ನಿಗೂ ಒಂದು ಕಾರ್ಡು, ಕಾರ್ಡಿಗೆ ಸಿಕ್ಕಿಸಿದ ಒಂದು ವೇಬಿಲ್ಲು. ಈ ವ್ಯಾಗನ್ ಎಲ್ಲಿಂದ ಬಂತು, ಏನು ಹೊತ್ತಿದೆ, ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿದೆ. ಈಗ ನಿಮ್ಮ ಪಾಲಿಗೆ ಬಂದದ್ದು ಒಂದು ಲೋಕಲ್ ಗೂಡ್ಸ್ ಎಂದುಕೊಳ್ಳಿ. ಗಿರಣಿಗೆ ಗೋಧಿಯ ವ್ಯಾಗನ್ ಬಿಡಬೇಕು, ಅಲ್ಲಿರುವ ಖಾಲಿ ವ್ಯಾಗನ್ ತರಬೇಕು. ಗಿರಣಿಯ ಸೈಡಿಂಗ್ ನಿಮ್ಮ ದಿಕ್ಕಿಗೆ ಎದುರಾಗಿ ತೆರೆದಿದೆ. ಎಂಜಿನ್ ಬಿಚ್ಚಿ, ಲೂಪ್ ಹಳಿಯಿಂದ ಸುತ್ತಿಸಿ, ಗಾಡಿಯ ಹಿಂದಕ್ಕೆ ತಂದು, ವ್ಯಾಗನ್ ಒಳಗೆ ತಳ್ಳಬೇಕು. ಗಡಿಯಾರದ ಪ್ರಕಾರ ಇನ್ನು ಹನ್ನೆರಡು ನಿಮಿಷಕ್ಕೆ ಮೇಲ್ ಗಾಡಿ ಬರಲಿದೆ. ಅಂದರೆ ನಿಮಗೆ ಇರುವುದು ಎರಡೇ ನಿಮಿಷ. ಈಗಲೇ ಶುರುಮಾಡುವುದೋ, ಲೂಪಿಗೆ ಸರಿದು ಮೇಲ್ ಹೋಗುವವರೆಗೆ ಕಾಯುವುದೋ? ನೀವು ಕಾದರೆ ಮುಂದಿನ ನಿಲ್ದಾಣದಲ್ಲಿ ನಿಮ್ಮ ಗಾಡಿಗಾಗಿ ಕೂತವನೂ ಕಾಯುತ್ತಾನೆ.

ಹಗಲೆಲ್ಲ ಡಿಪೆಂಡೆನ್ಸಿಗಳ ಪಟ್ಟಿ ಹಿಡಿದು ಕೂರುವ ಪ್ರಾಜೆಕ್ಟ್ ಮ್ಯಾನೇಜರನಿಗೆ ಸಂಜೆಗೂ ಇದೇ ಬೇಕೇ ಎಂದು ನೀವು ಕೇಳಬಹುದು. ನಮ್ಮ ಆಫೀಸಿನಲ್ಲಿ ಕೆಲಸ ಮುಗಿದರೆ ಪರದೆಯ ಮೇಲೆ ಕೆಂಪು ಹೋಗಿ ಹಸಿರು ಬರುತ್ತದೆ, ಅಷ್ಟೆ. ಇಲ್ಲಿ ಗೋಧಿಯ ವ್ಯಾಗನ್ ಗಿರಣಿಯ ಬಾಗಿಲಿಗೆ ಬಂದು ನಿಂತದ್ದು ಕಣ್ಣಿಗೆ ಕಾಣುತ್ತದೆ.

ಈ ನಡೆಸುವಿಕೆಗೆ ಒಂದು ತತ್ವ ಕೊಟ್ಟವರು ನ್ಯೂ ಆರ್ಲಿಯನ್ಸಿನ ಫ್ರಾಂಕ್ ಎಲಿಸನ್. 1944ರಲ್ಲಿ ‘ಮಾಡೆಲ್ ರೈಲ್‌ರೋಡರ್’ನಲ್ಲಿ ಬರೆದ ಲೇಖನಮಾಲೆಯಲ್ಲಿ ಅವರು ಲೇಔಟನ್ನು ರಂಗಭೂಮಿಗೆ ಹೋಲಿಸಿದರು. ದೃಶ್ಯಾವಳಿ ರಂಗಸಜ್ಜಿಕೆ, ರೈಲುಗಳು ನಟರು, ವೇಳಾಪಟ್ಟಿ ಕಥೆ. ನಮಗೆ ಈ ಹೋಲಿಕೆ ಇನ್ನೂ ಹತ್ತಿರದ್ದು, ಯಾಕೆಂದರೆ ನಮ್ಮಲ್ಲಿ ಯಕ್ಷಗಾನವಿದೆ. ಪ್ರಸಂಗ ಎಲ್ಲರಿಗೂ ಗೊತ್ತು, ರಂಗಸ್ಥಳ ಅಷ್ಟಗಲವೇ, ಆದರೂ ಆ ರಾತ್ರಿಯ ಆಟ ಆ ರಾತ್ರಿಯದೇ. ಡಿಸ್‌ಪ್ಯಾಚರ್‌ನಲ್ಲಿ ನನಗೆ ಭಾಗವತರು ಕಾಣುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಲೇಔಟಿಗೂ ಒಂದು ಚೌಕಿ ಇದೆ. ಬ್ರಿಟನ್ನಿನ ಹವ್ಯಾಸಿಗಳು ಅದಕ್ಕೆ ‘ಫಿಡ್ಲ್ ಯಾರ್ಡ್’ ಎನ್ನುತ್ತಾರೆ. ಹಿನ್ನೆಲೆಯ ಪರದೆಯ ಆಚೆ, ನೋಡುವವರ ಕಣ್ಣಿಗೆ ಬೀಳದ ಹಾಗೆ ಹಾಸಿದ ನಾಲ್ಕಾರು ಹಳಿಗಳು. ನಿಲ್ದಾಣದಿಂದ ಹೊರಟ ಗಾಡಿ ಸುರಂಗ ಹೊಕ್ಕು ಅಲ್ಲಿಗೆ ಹೋಗಿ ನಿಲ್ಲುತ್ತದೆ. ಎಂಜಿನ್ ಬದಲಿಸಿಕೊಂಡು ಬೇರೆ ಹೆಸರಿನ ಗಾಡಿಯಾಗಿ ಮತ್ತೆ ಬರುತ್ತದೆ, ಒಬ್ಬನೇ ಕಲಾವಿದ ಚೌಕಿಯಲ್ಲಿ ವೇಷ ಬದಲಿಸಿ ಎರಡು ಪಾತ್ರ ಮಾಡಿದ ಹಾಗೆ. ಹಲಗೆಯ ಮೇಲಿರುವುದು ಒಂದು ಊರು ಮಾತ್ರ. ಉಳಿದ ಪ್ರಪಂಚವೆಲ್ಲ ಇರುವುದು ಆ ಚೌಕಿಯಲ್ಲಿ.

ಎಲಿಸನ್ನರ ಮಾತು ಅಮೆರಿಕದವರಿಗೆ ಮಾತ್ರ ಸಲ್ಲುತ್ತದೆ ಎಂದುಕೊಳ್ಳಬಾರದು. ಇಂಗ್ಲೆಂಡಿನಲ್ಲೇ ಪೀಟರ್ ಡೆನ್ನಿ ಎಂಬ ಪಾದ್ರಿ ‘ಬಕಿಂಗ್‌ಹ್ಯಾಮ್’ ಎಂಬ ಲೇಔಟ್ ಕಟ್ಟಿದರು. ಒಂದು ಸಿಗ್ನಲ್ ಪೆಟ್ಟಿಗೆಯಿಂದ ಇನ್ನೊಂದಕ್ಕೆ ಗಂಟೆ ಬಾರಿಸಿ ಸೂಚನೆ ಕೊಟ್ಟು ಗಾಡಿ ಬಿಡುವ ಕ್ರಮ ಅಲ್ಲಿಯದು. ಪಕ್ಕದ ನಿಲ್ದಾಣ ನೋಡಿಕೊಳ್ಳಲು ಜೊತೆಗಾರರು ಇಲ್ಲದಾಗ ಅವರು ಆ ಕೆಲಸಕ್ಕೆ ಒಂದು ಯಂತ್ರ ಕಟ್ಟಿದರು. ಅದಕ್ಕೆ ಮಗನ ಹೆಸರು ಸೇರಿಸಿ ‘ಆಟೊಮ್ಯಾಟಿಕ್ ಕ್ರಿಸ್ಪಿನ್’ ಎಂದು ಕರೆದರು. ಮನೆಯಲ್ಲಿ ಮಕ್ಕಳಿಲ್ಲದೆ ಅಪ್ಪ ಅಮ್ಮ ಇಬ್ಬರೇ ಉಳಿದ ಮನೆಗಳನ್ನು ಬಲ್ಲ ನಮಗೆ ಆ ಹೆಸರು ಸುಮ್ಮನೆ ತಮಾಷೆಯಾಗಿ ಕೇಳುವುದಿಲ್ಲ.

ನಮ್ಮ ಉದ್ಯೋಗದವರು ನೆನೆಯಬೇಕಾದ ಇನ್ನೊಂದು ಲೇಔಟ್ ಅಮೆರಿಕದ ಎಂಐಟಿಯ ‘ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್’ನದು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಶುರುವಾದ ಈ ಕ್ಲಬ್ಬಿನಲ್ಲಿ ಎರಡು ಬಣಗಳಿದ್ದುದನ್ನು ಸ್ಟೀವನ್ ಲೆವಿ ತಮ್ಮ 1984ರ ‘ಹ್ಯಾಕರ್ಸ್’ ಪುಸ್ತಕದಲ್ಲಿ ವಿವರಿಸಿದ್ದಾರೆ. ಹಲಗೆಯ ಮೇಲೆ ಬಣ್ಣ ಬಳಿಯುವವರು ಒಂದು ಕಡೆ, ಹಲಗೆಯ ಕೆಳಗೆ ಟೆಲಿಫೋನ್ ರಿಲೇಗಳನ್ನು ಜೋಡಿಸುವವರು ಇನ್ನೊಂದು ಕಡೆ. ಇಂದು ಲೋಕವೆಲ್ಲ ಬಳಸುವ ‘ಹ್ಯಾಕ್’ ಎಂಬ ಪದಕ್ಕೆ ಕಂಪ್ಯೂಟರಿನವರ ಅರ್ಥ ಬಂದದ್ದು ಆ ಕೆಳಗಿನ ಕತ್ತಲೆಯಿಂದ. ಅವರ ಸಾಧನೆಯ ಬಗ್ಗೆ ಎರಡು ಮಾತಿಲ್ಲ. ಆದರೆ ವ್ಯವಸ್ಥೆ ಕಟ್ಟುವುದರಲ್ಲೇ ಮುಳುಗಿದವರಿಗೆ ಮೇಲಿನ ಊರು ಬರೀ ಭಾರ ಎನ್ನಿಸತೊಡಗುವ ಅಪಾಯವೂ ಇದೆ. ನಡೆಸುವ ಪಂಥದ ದೌರ್ಬಲ್ಯ ಅದೇ. ಯಾರಿಗಾಗಿ ಗೋಧಿ ಹೋಗುತ್ತಿದೆ ಎಂಬುದು ಮರೆತರೆ ವೇಬಿಲ್ಲು ಮತ್ತೊಂದು ಟಿಕೆಟ್ ಆಗಿಬಿಡುತ್ತದೆ. ನಾವು ದಿನವೂ ಮುಚ್ಚುವ ಟಿಕೆಟ್ಟುಗಳ ಹಾಗೆ.

ಹ್ಯಾಂಬರ್ಗಿನ ‘ಮಿನಿಯಾಟೂರ್ ವುಂಡರ್‌ಲ್ಯಾಂಡ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರೌನ್ ಎಂಬ ಅವಳಿ ಸಹೋದರರು 2001ರಲ್ಲಿ ತೆರೆದ ಅದರ ವಿಡಿಯೋಗಳನ್ನು ನೀವು ಹೇಗೂ ನೋಡಿರುತ್ತೀರಿ. ಅಲ್ಲಿ ವಿಮಾನ ಕೂಡ ಏರುತ್ತದೆ, ಇಳಿಯುತ್ತದೆ. ಕಾಲು ಗಂಟೆಗೊಮ್ಮೆ ರಾತ್ರಿಯಾಗುತ್ತದೆ. ಗಾಡಿಗಳನ್ನು ಕಂಪ್ಯೂಟರ್ ಓಡಿಸುತ್ತದೆ, ನಾವು ಕಂಬಿಯಾಚೆ ನಿಂತು ನೋಡುತ್ತೇವೆ. ಒಳ್ಳೆಯ ಜಾತ್ರೆ. ಜಾತ್ರೆಯಲ್ಲಿ ಕಥೆ ಹುಡುಕುವುದು ತಪ್ಪಾಗುತ್ತದೆ.

ಮನೆಯ ಹತ್ತಿರಕ್ಕೆ ಬರೋಣ. ಪುಣೆಯ ಕೋಥರೂಡಿನಲ್ಲಿ ಬಿ. ಎಸ್. ಜೋಶಿಯವರು ಕಟ್ಟಿದ ಪುಟ್ಟ ರೈಲುಗಳ ಮ್ಯೂಸಿಯಂ 1998ರಿಂದ ಇದೆ. ಪುಣೆ ಕನ್ನಡಿಗರ ಮಕ್ಕಳಲ್ಲಿ ಅದನ್ನು ನೋಡದವರು ಕಡಿಮೆ. ಸರ್ಕಸ್ಸು, ರೋಪ್‌ವೇ ಎಲ್ಲ ಇರುವ, ದೀಪ ಹತ್ತುವ ಆ ಊರನ್ನು ನಮ್ಮ ದೇಶದಲ್ಲಿ ಒಂದು ಕುಟುಂಬ ಪಟ್ಟುಹಿಡಿದು ಕಟ್ಟಿ ನಡೆಸಿಕೊಂಡು ಬಂದದ್ದು ಸಣ್ಣ ಮಾತಲ್ಲ. ಆದರೆ ಊರಿನ ಚಹರೆ ಯುರೋಪಿನದು. ಇದರಲ್ಲಿ ಕಟ್ಟಿದವರನ್ನು ದೂರುವಂಥದ್ದೇನಿಲ್ಲ. ಇಡೀ ಹವ್ಯಾಸದ ಬಿಡಿಭಾಗಗಳೇ ಆ ಚಹರೆಯವು. ಹಳಿಯಿಂದಲೇ ತೊಡಕು ಶುರು. ಎಚ್‌ಒ ಹಳಿಯ ಅಗಲ 16.5 ಮಿ.ಮೀ. ಅದು ಯುರೋಪ್ ಮತ್ತು ಅಮೆರಿಕದ 1435 ಮಿ.ಮೀ. ಹಳಿಗೆ ಸರಿಹೊಂದುತ್ತದೆ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. 87ರಿಂದ ಭಾಗಿಸಿದರೆ 19.3 ಮಿ.ಮೀ. ಹಳಿ ಬೇಕು. ಅಂಗಡಿಯ ಹಳಿಯ ಮೇಲೆ ನಮ್ಮ ಬೋಗಿ ಇಟ್ಟರೆ, ದಪ್ಪ ಮನುಷ್ಯ ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ. ಸ್ವಾರಸ್ಯವೆಂದರೆ ನಮ್ಮ ಮೀಟರ್ ಗೇಜಿಗೆ ಈ ತೊಂದರೆ ಇಲ್ಲ. ಸ್ವಿಸ್ ಬೆಟ್ಟದ ರೈಲುಗಳಿಗಾಗಿ ಮಾಡುವ 12 ಮಿ.ಮೀ. ಹಳಿ ಅದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ನ್ಯಾರೋ ಗೇಜಿಗೆ 9 ಮಿ.ಮೀ. ಹಳಿಯೂ ಸಿಗುತ್ತದೆ.

ಈ ಮೂರೂ ಅಳತೆಗಳು ಒಂದೇ ಕಡೆ ಸೇರಿದ್ದ ನಿಲ್ದಾಣವೊಂದು ನಮ್ಮ ದಾರಿಯಲ್ಲೇ ಇತ್ತು: ಮಿರಜ್. 1971ರಲ್ಲಿ ಪುಣೆಯಿಂದ ಅಲ್ಲಿಯವರೆಗೆ ಬ್ರಾಡ್ ಗೇಜ್ ಬಂತು. ಅಲ್ಲಿಂದ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಕಡೆಗೆ ತೊಂಬತ್ತರ ದಶಕದವರೆಗೂ ಮೀಟರ್ ಗೇಜ್. ಪಂಢರಪುರದ ಕಡೆಯಿಂದ ಬಾರ್ಸಿ ಲೈಟ್ ರೈಲ್ವೆಯ ನ್ಯಾರೋ ಗೇಜ್. ಮುಂಬೈಯ ಹೋಟೆಲಿನಲ್ಲಿ, ಮಿಲ್ಲಿನಲ್ಲಿ ದುಡಿದು ಊರಿಗೆ ಹೊರಟ ಕನ್ನಡಿಗರು ಇಲ್ಲಿ ಗಂಟುಮೂಟೆ ಇಳಿಸಿ ಇನ್ನೊಂದು ಗಾಡಿ ಹತ್ತಬೇಕಿತ್ತು. ಗೂಡ್ಸಿನ ಚೀಲಗಳನ್ನು ಹಮಾಲರು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರಬೇಕಿತ್ತು. ನಡೆಸುವ ಪಂಥದವರಿಗೆ ಇದಕ್ಕಿಂತ ಒಳ್ಳೆಯ ಪ್ರಸಂಗ ಸಿಗಲಾರದು. ಬ್ರಾಡ್ ಗೇಜಿನ ಗಾಡಿ ತಡವಾದರೆ ಮೀಟರ್ ಗೇಜಿನದನ್ನು ಹಿಡಿದು ನಿಲ್ಲಿಸುವುದೋ, ಬಿಟ್ಟುಬಿಡುವುದೋ? ಬಿಟ್ಟರೆ ಪ್ಲಾಟ್‌ಫಾರಂ ಮೇಲೆ ಕೂತವರ ಗತಿ ಏನು? ಆ ತೀರ್ಮಾನವನ್ನು ಹಲಗೆಯ ಮುಂದೆ ನಿಂತವರೇ ತೆಗೆದುಕೊಳ್ಳಬೇಕು.

ನಮ್ಮ ವಲಸೆಯ ಬರಹಗಳನ್ನು ಓದುವಾಗ, ಈ ಪತ್ರಿಕೆಯಲ್ಲಿ ಬರುವವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ನನಗೆ ಪೆಂಡನ್ ನೆನಪಾಗುತ್ತದೆ. ತುಳಸಿಕಟ್ಟೆ, ಹಿತ್ತಲ ಬಾವಿ, ಅಜ್ಜಿಯ ಅಡುಗೆಮನೆಯ ಹೊಗೆ, ಎಲ್ಲ ಅಳತೆಗೆ ಸರಿಯಾಗಿರುತ್ತವೆ. ಕೈಕುಸುರಿಗೆ ಕೊರತೆಯಿಲ್ಲ. ಆ ಊರಿಗೆ ವೇಳಾಪಟ್ಟಿ ಮಾತ್ರ ಇರುವುದಿಲ್ಲ. ಆ ಮನೆಯಿಂದ ಮೊದಲು ಹೊರಟವರು ಯಾರು, ಯಾವ ವರ್ಷ, ಯಾವ ಸಾಲಕ್ಕೆ? ಸ್ಟೇಷನ್ನಿಗೆ ಬಂದು ಕಳಿಸಿ ಹಿಂದಿರುಗಿದ ತಂಗಿಗೆ ಆಮೇಲೆ ಟಿಕೆಟ್ ಸಿಕ್ಕಿತೇ? ಬಾವಿಯಿಂದ ನೀರು ಸೇದುತ್ತಿದ್ದವರು ಯಾರು, ಅದೇ ಬಾವಿಗೆ ಬರಬಾರದವರು ಯಾರು? ಕೊಳೆ ಇಲ್ಲದ ಎಂಜಿನ್ನುಗಳು ನಮ್ಮ ಲೇಖನಗಳಲ್ಲಿ ಓಡುತ್ತಲೇ ಇರುತ್ತವೆ. ಚೆಲುವು ಬೇಡ ಎಂದು ನಾನು ಹೇಳುತ್ತಿಲ್ಲ. ಅಲೆನ್ನರ ಬೆಟ್ಟಗಳೂ ಚೆಲುವಾಗಿದ್ದವು. ಅವುಗಳ ನಡುವೆ ತುಕ್ಕು ಹಿಡಿದ ವ್ಯಾಗನ್ನುಗಳು ಎಲ್ಲಿಗೋ ಏನನ್ನೋ ಹೊತ್ತು ಹೋಗುತ್ತಿದ್ದವು.

ಇನ್ನೊಂದು ಮಾತಿದೆ. ಊರಿನ ಬಗ್ಗೆ ಬರೆಯುವಾಗ ನಾವು ನಮ್ಮನ್ನು ಹಲಗೆಯ ಮೇಲೆ, ಆ ಜಗಲಿಯಲ್ಲಿ ಕೂರಿಸಿಕೊಂಡಿರುತ್ತೇವೆ. ಇಪ್ಪತ್ತು ವರ್ಷದಿಂದ ನಾವಿರುವ ಜಾಗ ಅದಲ್ಲ. ಊರಿನವರ ಕಣ್ಣಿಗೆ ಪುಣೆ, ಚೆನ್ನೈ, ದೆಹಲಿ ಎಲ್ಲ ಸುರಂಗದ ಆಚೆಯ ಚೌಕಿ. ನಾವು ಅಲ್ಲಿ ನಿಂತು, ವೇಷ ಬದಲಿಸಿ, ಹಬ್ಬಕ್ಕೊಮ್ಮೆ ಬೇರೊಂದು ಗಾಡಿಯಾಗಿ ಬಂದು ಹೋಗುತ್ತೇವೆ. ನಮ್ಮ ಕಥೆ ಬರೆಯುವುದಿದ್ದರೆ ಚೌಕಿಯನ್ನೂ ಸೇರಿಸಿಯೇ ಬರೆಯಬೇಕು.

ಮಿರಜನ್ನು ಕಟ್ಟಲು ಕೈ ತುರಿಸುವವರು ನಮ್ಮಲ್ಲಿ ಯಾರಾದರೂ ಇದ್ದರೆ ಅದಕ್ಕೆ ಬಂಗಲೆ ಬೇಡ. ಪುಸ್ತಕದ ಕಪಾಟಿನ ಮೇಲೆ ಆರಡಿ ಉದ್ದ, ಒಂದೂಕಾಲಡಿ ಅಗಲದ ಹಲಗೆ ಸಾಕು. ಎಚ್‌ಒ ಅಳತೆಯಲ್ಲಿ ಅದು ಸುಮಾರು 160 ಮೀಟರ್. ಒಂದು ಪ್ಲಾಟ್‌ಫಾರಂ, ಅದರ ಒಂದು ಬದಿಗೆ ಕೈಯಿಂದ ಹಾಸಿದ 19.3 ಮಿ.ಮೀ. ಹಳಿ, ಇನ್ನೊಂದು ಬದಿಗೆ 12 ಮಿ.ಮೀ. ಹಳಿ ಮತ್ತು ಒಂದು ಲೂಪ್. ನ್ಯಾರೋ ಗೇಜನ್ನು ಬಿಡಬೇಕಾಗುತ್ತದೆ. ಕತ್ತರಿಯ ಕೆಲಸ ಅಲ್ಲಿಂದ ಶುರುವಾಗಲಿ. ಮೂರು ಬೋಗಿ, ನಾಲ್ಕು ವ್ಯಾಗನ್, ಸ್ವಲ್ಪ ಮಸಿ. ಹಲಗೆಯ ಎರಡು ತುದಿಗೂ ಒಂದೊಂದು ಪರದೆ: ಒಂದರ ಹಿಂದೆ ಮುಂಬೈ, ಇನ್ನೊಂದರ ಹಿಂದೆ ಹುಬ್ಬಳ್ಳಿ. ಗುಡ್ಡ, ಮರಗಳನ್ನು ಆಮೇಲೆ ಮಾಡಿದರೂ ನಡೆಯುತ್ತದೆ. ಮೊದಲು ವೇಬಿಲ್ಲುಗಳನ್ನು ಬರೆದಿಡಿ.